ಎಂಎಗೆ ಫಿಲಾಸಫಿ ತಗೊಂಡಿರೋರಿಗೆ: ಓದೋದು, ಬರೆಯೋದು ಹೇಗೆ

ಅಡ್ಮಿಷನ್ ಟೈಮ್ ಬಂತು ಅಂದ್ರೆ ನಮ್ಮೂರ ಕಡೆಯಿಂದ ಒಬ್ರಾದ್ರೂ ಫೋನ್ ಮಾಡ್ತಾರೆ, ಅಣ್ಣಾ ಎಂಎ ತತ್ವಶಾಸ್ತ್ರ ಸೀಟ್ ಸಿಕ್ಕಿದೆ, ಬಿಎನಲ್ಲಿ ಅದು ಇರ್ಲೇ ಇಲ್ಲ, ಎಲ್ಲಿಂದ ಶುರು ಮಾಡ್ಲಿ ಅಂತ. ಫೋನಲ್ಲಿ ಹೇಳಿದ್ದು ಅರ್ಧ ತಲೇಲಿ ನಿಲ್ಲಲ್ಲ, ಅದಕ್ಕೆ ಪೂರ್ತಿ ಬರೆದಿಡ್ತಿದೀನಿ. ನಾನೂ ಕನ್ನಡ ಮೀಡಿಯಂನಿಂದ ಬಂದು ಈ ಸಬ್ಜೆಕ್ಟ್ ಓದಿದೋನು, ಈಗ ಡಿಗ್ರಿ ಮಕ್ಕಳಿಗೆ ಇದನ್ನೇ ಹೇಳಿಕೊಡ್ತೀನಿ.

ಮೊದಲನೇ ಸೆಮಿಸ್ಟರ್ ಇಂಟರ್ನಲ್ಸಲ್ಲಿ ನಾನು ಬರೆದಿದ್ದೆ, "ನ್ಯಾಯ ಅಂದರೆ ಬಲಶಾಲಿಗಳ ಹಿತ ಎಂದು ಪ್ಲೇಟೋ ಹೇಳುತ್ತಾನೆ" ಅಂತ. ಮೇಷ್ಟ್ರು ಆ ಸಾಲಿನ ಕೆಳಗೆ ಗೆರೆ ಎಳೆದು ಪಕ್ಕದಲ್ಲಿ ಮೂರೇ ಪದ ಬರೆದಿದ್ರು: ಇದು ಯಾರ ಮಾತು? ಆ ಮಾತು ಪ್ಲೇಟೋದಲ್ಲ. ಅವನು ಸಂಭಾಷಣೆ ರೂಪದಲ್ಲಿ ಬರೆದ ರಿಪಬ್ಲಿಕ್‌ನ ಮೊದಲನೇ ಭಾಗದಲ್ಲಿ ಥ್ರಾಸಿಮಾಕಸ್ ಅನ್ನೋನು ಸಿಟ್ಟಲ್ಲಿ ಎದ್ದು ಆಡೋ ಮಾತು, ಅದನ್ನ ಸಾಕ್ರಟೀಸ್ ಅಲ್ಲೇ ಒಪ್ಪಲ್ಲ, ಆಮೇಲಿನ ಒಂಬತ್ತು ಭಾಗ ಪೂರ್ತಿ ಒಂದು ರೀತೀಲಿ ಅದಕ್ಕೆ ಉತ್ತರಾನೇ. ನಾನು ನೋಟ್ಸ್ ಮಾತ್ರ ಓದಿದ್ದೆ, ಪುಸ್ತಕ ಮುಟ್ಟಿರ್ಲಿಲ್ಲ. ಅವತ್ತಿಂದ ಇವತ್ತಿನವರೆಗೂ ಏನೇ ಓದಿದ್ರೂ ಮೊದಲು ಕೇಳ್ಕೊಳ್ಳೋದು ಅದೇ ಪ್ರಶ್ನೆ, ನಿಮಗೂ ನಾನು ಮೊದಲು ಹೇಳಿಕೊಡೋದು ಅದನ್ನೇ.

ಯಾಕಂದ್ರೆ ನಮ್ ದರ್ಶನಗಳಲ್ಲಂತೂ, ಅಂದ್ರೆ ಭಾರತದ ತತ್ವಶಾಸ್ತ್ರ ಪಂಥಗಳ ಗ್ರಂಥಗಳಲ್ಲಂತೂ, ಅರ್ಧಕ್ಕರ್ಧ ಮಾತು ಎದುರಾಳೀದು. ಅದನ್ನ ಪೂರ್ವಪಕ್ಷ ಅಂತಾರೆ, ಲೇಖಕನ ಸ್ವಂತ ನಿಲುವು ಸಿದ್ಧಾಂತ. ಶಂಕರರ ಬ್ರಹ್ಮಸೂತ್ರ ಭಾಷ್ಯದಲ್ಲಿ ಚೇತನ ಇಲ್ಲದ ಮೂಲ ಪ್ರಕೃತಿ, ಅಂದ್ರೆ ಪ್ರಧಾನವೇ ಜಗತ್ತಿಗೆ ಕಾರಣ ಅನ್ನೋ ಸಾಂಖ್ಯ ದರ್ಶನದೋರ ವಾದ ಬರುತ್ತೆ, ಎಷ್ಟು ಚೆನ್ನಾಗಿ ಮಂಡಿಸ್ತಾರೆ ಅಂದ್ರೆ ಅದೊಂದೇ ಪುಟ ಓದಿದೋರಿಗೆ ಶಂಕರರೇ ಸಾಂಖ್ಯರು ಅನ್ನಿಸ್ಬೇಕು. ಸಂಸ್ಕೃತ ಮೂಲದಲ್ಲಿ ಗುರುತು ಸಿಗುತ್ತೆ: "ನನು" ಅಂತ ಶುರುವಾದ್ರೆ ಸಾಮಾನ್ಯವಾಗಿ ಆಕ್ಷೇಪ ಬಂತು ಅಂತ, "ಇತಿ ಚೇತ್, ನ" ಅಂದ್ರೆ ಹಾಗಂತೀರಾದ್ರೆ ಅದು ಸರಿಯಲ್ಲ ಅಂತ, "ಅತ್ರೋಚ್ಯತೇ" ಅಂದ್ರೆ ಈಗ ಉತ್ತರ ಶುರು. ಸಂಸ್ಕೃತ ಬರ್ದೇ ಇದ್ರೂ ಪರವಾಗಿಲ್ಲ, ಈ ಮೂರ್ನಾಲ್ಕು ಗುರುತು ಕಲ್ತಿದ್ರೆ ಅನುವಾದದಲ್ಲೂ ಜಾಡು ಹಿಡೀಬಹುದು.

ಪಾಶ್ಚಾತ್ಯರಲ್ಲಿ ಅಂಥ ಗುರುತು ಇರಲ್ಲ, ಅದಕ್ಕೇ ಇನ್ನೂ ಹುಷಾರಾಗಿರ್ಬೇಕು. ಡೆಕಾರ್ಟ್ 1641ರಲ್ಲಿ ಪ್ರಕಟಿಸಿದ ಮೆಡಿಟೇಷನ್ಸ್ ತಗೊಳ್ಳಿ. ಚಳಿಗಾಲದ ಗೌನ್ ಹಾಕ್ಕೊಂಡು ಬೆಂಕಿ ಪಕ್ಕ ಕೂತಿದೀನಿ, ಕೈಯಲ್ಲಿ ಕಾಗದ ಇದೆ, ಇದನ್ನೂ ಅನುಮಾನಿಸೋಕಾಗುತ್ತಾ ಅಂತಾನೆ, ಆಮೇಲೆ ಕನಸಲ್ಲೂ ಇದೇ ಥರ ಕೂತಿದೀನಿ ಅನ್ಕೊಂಡು ಹಾಸಿಗೇಲಿ ಮಲಗಿರ್ತೀನಲ್ಲ ಅಂತಾನೆ. ಇಷ್ಟು ಓದಿ ತುಂಬಾ ಜನ "ಜಗತ್ತು ಇಲ್ಲ ಎಂದ ಡೆಕಾರ್ಟ್" ಅಂತ ಬರೀತಾರೆ. ಆರನೇ ಅಧ್ಯಾಯದ ಕೊನೇಲಿ ಅವನೇ ಆ ಕನಸಿನ ಅನುಮಾನಾನ ಪಕ್ಕಕ್ಕೆ ಇಡ್ತಾನೆ. ಅನುಮಾನ ಅವನಿಗೆ ದಾರಿ, ಮನೆ ಅಲ್ಲ.

ಹಾಗಾದ್ರೆ ದಿನಾ ಓದೋದು ಹೇಗೆ ಅಂದ್ರೆ, ಮೂಲ ಪಠ್ಯದ ಒಂದೋ ಎರಡೋ ಪುಟ, ಅಷ್ಟೇ ಸಾಕು. ಝೆರಾಕ್ಸ್ ತಗೊಂಡು ಪೆನ್ಸಿಲ್ ಹಿಡ್ಕೊಂಡು ಕೂತ್ಕೊಳ್ಳಿ, ಪ್ರತಿ ವಾದಕ್ಕೂ ನಂಬರ್ ಹಾಕಿ, ಮಾರ್ಜಿನಲ್ಲಿ ಎದುರಾಳಿ ಮಾತಿಗೆ "ಪೂ" ಲೇಖಕನ ಮಾತಿಗೆ "ಸಿ" ಅಂತ ಬರೀರಿ, ಗೊತ್ತಾಗ್ದೇ ಇದ್ರೆ ಪ್ರಶ್ನೆ ಗುರುತು ಹಾಕಿ. ಆಮೇಲೆ ಪುಸ್ತಕ ಮುಚ್ಚಿ ಆ ವಾದಾನ ನಿಮ್ ಮನೆ ಕನ್ನಡದಲ್ಲಿ ನಾಲ್ಕೈದು ಸಾಲು ಬರೀರಿ. ಇದು ಕಡ್ಡಾಯ ಅಂತ್ಲೇ ತಿಳ್ಕೊಳ್ಳಿ, ಇಂಗ್ಲಿಷ್ ಸಾಲು ಕಾಪಿ ಮಾಡಿದ್ರೆ ಅರ್ಥ ಆಯ್ತು ಅನ್ನೋ ಭ್ರಮೆ ಬರುತ್ತೆ, ಅಜ್ಜಿಗೆ ಹೇಳೋ ಥರ ಬರೆಯೋಕೆ ಹೋದ್ರೆ ಎಲ್ಲಿ ಅರ್ಥ ಆಗಿಲ್ಲ ಅಂತ ತಕ್ಷಣ ಗೊತ್ತಾಗುತ್ತೆ. ಸ್ಟ್ಯಾನ್‌ಫರ್ಡ್ ಎನ್‌ಸೈಕ್ಲೋಪೀಡಿಯಾ ಆಫ್ ಫಿಲಾಸಫಿ ನೆಟ್ಟಲ್ಲಿ ಫ್ರೀ ಇದೆ, ತುಂಬಾ ಒಳ್ಳೇದು, ಆದ್ರೆ ಮೂಲ ಓದಿದ ಮೇಲೆ ಅದನ್ನ ತೆಗೀರಿ.

ಈಗ ತರ್ಕದ ವಿಷ್ಯ, ಇಲ್ಲಿ ಸ್ವಲ್ಪ ನಿಧಾನ ಮಾಡ್ತೀನಿ. ಲಾಜಿಕ್ ಪೇಪರ್ ಅಂದ್ರೆ ಎಲ್ರಿಗೂ ಭಯ, ಆದ್ರೆ ನ್ಯಾಯದರ್ಶನದ (ಇಲ್ಲಿ ನ್ಯಾಯ ಅಂದ್ರೆ ತರ್ಕ) ಐದು ಅವಯವ, ಅಂದ್ರೆ ವಾದದ ಐದು ಭಾಗ ಕಲಿಯೋಕೆ ಒಂದು ಸಂಜೆ ಸಾಕು. ಬೆಟ್ಟದಲ್ಲಿ ಬೆಂಕಿ ಇದೆ, ಇದು ಪ್ರತಿಜ್ಞೆ. ಯಾಕಂದ್ರೆ ಹೊಗೆ ಇದೆ, ಇದು ಹೇತು. ಎಲ್ಲೆಲ್ಲಿ ಹೊಗೆಯೋ ಅಲ್ಲಲ್ಲಿ ಬೆಂಕಿ, ಅಡುಗೆಮನೇಲಿ ಇರೋ ಹಾಗೆ, ಇದು ಉದಾಹರಣೆ. ಈ ಬೆಟ್ಟದಲ್ಲೂ ಅಂಥದ್ದೇ ಹೊಗೆ ಇದೆ, ಇದು ಉಪನಯ. ಅದರಿಂದ ಬೆಂಕಿ ಇದೆ, ನಿಗಮನ. ಇಷ್ಟನ್ನ ಬಾಯಿಪಾಠ ಮಾಡಿ ಬಿಟ್ಬಿಡ್ತಾರೆ, ನಿಜವಾದ ಕಲಿಕೆ ಅದನ್ನ ತಿರುಗಿಸಿದಾಗ ಇರೋದು. ಬೆಂಕಿ ಇದೆ, ಅದಕ್ಕೆ ಹೊಗೆ ಇರ್ಲೇಬೇಕು ಅನ್ನಿ ನೋಡೋಣ. ಕುಲುಮೇಲಿ ಕೆಂಪಗೆ ಕಾದ ಕಬ್ಬಿಣದ ಗುಂಡಲ್ಲಿ ಬೆಂಕಿ ಇದೆ ಹೊಗೆ ಇಲ್ಲ, ವಾದ ಬಿತ್ತು. ಯಾಕೆ ಬಿತ್ತು? ಹೊಗೆ ಬರೋಕೆ ಬರೀ ಬೆಂಕಿ ಸಾಲ್ದು, ಹಸಿ ಸೌದೆ ಸೇರ್ಬೇಕು. ಒಲೆಗೆ ಹಸಿ ಸೌದೆ ಹಾಕಿ ಕಣ್ಣುಜ್ಜಿಕೊಂಡಿರೋ ಯಾರಿಗಾದ್ರೂ ಇದು ಗೊತ್ತು, ನೈಯಾಯಿಕರು, ಅಂದ್ರೆ ನ್ಯಾಯದರ್ಶನದೋರು, ಅದಕ್ಕೆ ಉಪಾಧಿ ಅಂತ ಹೆಸರು ಕೊಟ್ರು. ಯಾವುದೇ ವಾದ ಕಂಡ್ರೂ ಇಲ್ಲಿ ಹೇಳ್ದೇ ಬಿಟ್ಟಿರೋ ಹಸಿ ಸೌದೆ ಯಾವುದು ಅಂತ ಹುಡುಕೋ ಅಭ್ಯಾಸ ಮಾಡ್ಕೊಳ್ಳಿ, ಪೇಪರ್ ಎಡಿಟೋರಿಯಲ್ ಓದೋವಾಗ್ಲೂ ಕೆಲಸಕ್ಕೆ ಬರುತ್ತೆ.

ಆಮೇಲೆ ಚಾರ್ವಾಕ ಬರ್ತಾನೆ, ಕಣ್ಣಿಗೆ ಕಂಡಿದ್ದನ್ನ ಮಾತ್ರ ನಂಬೋ ಭೌತವಾದಿ. ನೀವು ನೋಡಿರೋದು ನಾಲ್ಕು ಅಡುಗೆಮನೆ, ಎಲ್ಲಾ ಕಾಲಕ್ಕೂ ಎಲ್ಲಾ ಕಡೆಗೂ ಹೊಗೆ ಜೊತೆ ಬೆಂಕಿ ಇರುತ್ತೆ ಅಂತ ಹೇಗೆ ಗೊತ್ತಾಯ್ತು ಅಂತ ಕೇಳ್ತಾನೆ. ಸ್ಕಾಟ್ಲೆಂಡಿನ ಹ್ಯೂಮ್ 1748ರ ಪುಸ್ತಕದಲ್ಲಿ ಇಂಥದ್ದೇ ಪ್ರಶ್ನೆ ಕೇಳ್ತಾನೆ, ಇಷ್ಟು ದಿನ ಆದ ಹಾಗೇ ಮುಂದೇನೂ ಆಗುತ್ತೆ ಅನ್ನೋದಕ್ಕೆ ಆಧಾರ ಏನು ಅಂತ. ಇಲ್ಲಿ ಒಂದು ಹೊಂಡ ಇದೆ ನೋಡಿ, "ಚಾರ್ವಾಕನೇ ಭಾರತದ ಹ್ಯೂಮ್" ಅಂತ ಬರೆದು ಮುಗಿಸಿಬಿಡೋದು. ಚಾರ್ವಾಕ ಅನುಮಾನಾನ (ಇಲ್ಲಿ ಸಂಶಯ ಅಲ್ಲ, ಹೊಗೆ ನೋಡಿ ಬೆಂಕಿ ಊಹಿಸೋದು) ಪ್ರಮಾಣ, ಅಂದ್ರೆ ತಿಳಿವಳಿಕೆಗೆ ಸರಿಯಾದ ಸಾಧನ ಅಂತ್ಲೇ ಒಪ್ಪಲ್ಲ, ಹ್ಯೂಮ್ ಆದ್ರೆ ಹೀಗೆ ಊಹಿಸೋದು ನಮ್ಮ ರೂಢಿಯಿಂದ ಬಂದಿದ್ದು, ಅದಿಲ್ದೆ ಬದುಕೋಕಾಗಲ್ಲ ಅಂತಾನೆ. ಹೋಲಿಸಿ, ಖಂಡಿತ ಹೋಲಿಸಿ, ಆದ್ರೆ ಎಲ್ಲಿ ಬೇರೆ ಆಗ್ತಾರೆ ಅನ್ನೋದನ್ನ ಬರೆದ ಮೇಲೇ ನಿಮ್ ಹೋಲಿಕೆಗೆ ಬೆಲೆ.

ಪದಗಳಿಗೆ ಒಂದು ಬೇರೆ ನೋಟ್‌ಬುಕ್ ಇಡಿ. ಕನ್ನಡ ಮೀಡಿಯಂನೋರು ಎಡವೋದೇ ಇಲ್ಲಿ. ಸಬ್‌ಸ್ಟೆನ್ಸ್ ಅನ್ನೋದನ್ನ ದ್ರವ್ಯ ಅಂತ ಅನುವಾದ ಮಾಡಿರ್ತಾರೆ, ಆದ್ರೆ ನಮ್ಮ ವೈಶೇಷಿಕ ದರ್ಶನದೋರಿಗೆ ದ್ರವ್ಯ ಒಂಬತ್ತು, ಭೂಮಿ ನೀರಿಂದ ಹಿಡಿದು ಕಾಲ, ದಿಕ್ಕು, ಆತ್ಮ, ಮನಸ್ಸಿನವರೆಗೆ, ಯುರೋಪಿನ ದಾರ್ಶನಿಕ ಸ್ಪಿನೋಜಾಗೆ ಒಂದೇ ಒಂದು. ಹಾಗೇ ಮೈಂಡ್ ಅಂದ್ರೆ ಮನಸ್ಸು ಅಂತ ಬರೀತೀವಿ, ಸಾಂಖ್ಯದಲ್ಲಿ ಮನಸ್ಸು ಪ್ರಕೃತಿಯಿಂದ ಹುಟ್ಟಿದ್ದು, ಅಂದ್ರೆ ಜಡ, ಚೇತನ ಅಂದ್ರೆ ಪುರುಷ (ಗಂಡಸು ಅಲ್ಲ, ಆತ್ಮ) ಮಾತ್ರ. ಈ ವ್ಯತ್ಯಾಸ ಗೊತ್ತಿಲ್ದೆ ಡೆಕಾರ್ಟ್‌ನ ಮನಸ್ಸು-ದೇಹದ ಸಮಸ್ಯೆ ಪಕ್ಕ ಸಾಂಖ್ಯ ಇಟ್ರೆ ಎಲ್ಲಾ ಕಲಸುಮೇಲೋಗರ ಆಗುತ್ತೆ. ನೋಟ್‌ಬುಕ್ಕಲ್ಲಿ ಪದದ ಪಕ್ಕ ಯಾರ ಪದ ಅಂತಾನೂ ಬರೀರಿ, ಆಗ ಒಂದೇ ಪದಕ್ಕೆ ನಾಲ್ಕೈದು ಅರ್ಥ ಸೇರುತ್ತೆ, ಆ ಪುಟಾನೇ ಪರೀಕ್ಷೆ ಹಿಂದಿನ ರಾತ್ರಿ ನಿಮ್ಮನ್ನ ಕಾಪಾಡೋದು.

ಒಂದು ಅಡಿಪಾಯದ ಪುಸ್ತಕ ಹೇಳಿ ಅಂದ್ರೆ ಭಾರತೀಯ ದರ್ಶನಕ್ಕೆ ನಾನು ಎಂ. ಹಿರಿಯಣ್ಣನವರದ್ದನ್ನೇ ಹೇಳೋದು, ಔಟ್‌ಲೈನ್ಸ್ ಆಫ್ ಇಂಡಿಯನ್ ಫಿಲಾಸಫಿ, 1932ರದ್ದು. ಅದು ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಅವರು ವರ್ಷಗಟ್ಟಲೆ ಮಾಡಿದ ಪಾಠಗಳಿಂದ ಹುಟ್ಟಿದ್ದು. ನಮ್ಮ ಮೈಸೂರಿನ ಕ್ಲಾಸ್‌ರೂಮಲ್ಲಿ ಹುಟ್ಟಿದ ಪಾಠ ಇವತ್ತಿಗೂ ಓದಿಸ್ತಾರೆ ಅಂದ್ರೆ ನಂಗೆ ತುಂಬಾ ಹೆಮ್ಮೆ. ರಾಧಾಕೃಷ್ಣನ್ ಕೂಡ 1918ರಿಂದ 1921ರವರೆಗೆ ಮೈಸೂರಲ್ಲೇ ಫಿಲಾಸಫಿ ಪಾಠ ಮಾಡಿದ್ದು, ಅವರನ್ನ ಕಳಿಸಿಕೊಡೋವಾಗ ಸ್ಟೂಡೆಂಟ್ಸೇ ಸಾರೋಟು ಎಳೆದುಕೊಂಡು ಸ್ಟೇಷನ್ನಿಗೆ ಹೋದ್ರು ಅನ್ನೋ ಕತೆ ನೀವೂ ಕೇಳಿರ್ತೀರಿ.

ಒಬ್ರೇ ಓದ್ಬೇಡಿ. ಹಾಸ್ಟೆಲಲ್ಲೋ ಕ್ಯಾಂಟೀನಲ್ಲೋ ಮೂರು ಜನ ಸಿಕ್ಕಿದ್ರೂ ಸಾಕು, ವಾರಕ್ಕೊಂದು ಸಂಜೆ ಕೂತ್ಕೊಳ್ಳಿ. ನೀವು ಅದ್ವೈತ ಇಷ್ಟ ಪಡ್ತೀರಾ, ಅವತ್ತು ನೀವು ದ್ವೈತದ ಪರ ಮಾತಾಡ್ಬೇಕು, ಅದು ರೂಲ್. ನಮ್ಮ ವ್ಯಾಸತೀರ್ಥರು ವಿಜಯನಗರದ ಕಾಲದಲ್ಲಿ ನ್ಯಾಯಾಮೃತ ಬರೆದು ಅದ್ವೈತದ ಒಂದೊಂದು ವಾದಾನೂ ಎತ್ತಿ ಎತ್ತಿ ಪ್ರಶ್ನೆ ಮಾಡಿದ್ರು, ಅದಕ್ಕೆ ಮಧುಸೂದನ ಸರಸ್ವತಿಗಳು ಅದ್ವೈತಸಿದ್ಧಿ ಬರೆದು ಒಂದೊಂದಕ್ಕೂ ಉತ್ತರ ಕೊಟ್ರು, ಮತ್ತೆ ದ್ವೈತಿಗಳು ಅದಕ್ಕೂ ಉತ್ತರ ಬರೆದ್ರು. ಎದುರಿನವರ ಗ್ರಂಥಾನ ಅವರಷ್ಟೇ ಚೆನ್ನಾಗಿ ಓದಿದೋರು ಇವರು. ಮನೇಲಿ ಮಠ ಯಾವುದು, ಜಾತಿ ಯಾವುದು ಅನ್ನೋದನ್ನ ಬಾಗಿಲ ಹೊರಗೆ ಬಿಟ್ಟು ಬನ್ನಿ, ನಮ್ಮ ಪಕ್ಷ ಅಂತ ಒಂದನ್ನ ಮೊದಲೇ ಹಿಡ್ಕೊಂಡು ಬಂದೋರಿಗೆ ಈ ಸಬ್ಜೆಕ್ಟ್ ಏನನ್ನೂ ಕೊಡಲ್ಲ.

ಪರೀಕ್ಷೇಲಿ ಕಾಂಟ್ ಎಲ್ಲಿ ಹುಟ್ಟಿದ, ಅಪ್ಪ ಏನ್ ಮಾಡ್ತಿದ್ದ ಅಂತ ಅರ್ಧ ಪುಟ ತುಂಬಿಸ್ಬೇಡಿ. ಮೊದಲ ಪ್ಯಾರಾದಲ್ಲಿ ಸಮಸ್ಯೆ ಏನು ಅಂತ ಹೇಳಿ, ಆಮೇಲೆ ವಾದ ಹಂತ ಹಂತವಾಗಿ, ಆಮೇಲೆ ಅದರ ಮೇಲೆ ಇರೋದ್ರಲ್ಲೇ ಗಟ್ಟಿ ಆಕ್ಷೇಪ, ಅದಕ್ಕೆ ಅವನ ಕಡೆಯಿಂದ ಏನ್ ಉತ್ತರ ಬರಬಹುದು, ಕೊನೇಲಿ ನಿಮಗೇನ್ ಅನ್ನಿಸ್ತು ಅಂತ ಎರಡು ಸಾಲು.

ಮನೇಲಿ ಕೇಳ್ತಾರೆ, ಇದನ್ನ ಓದಿ ಏನ್ ಕೆಲಸ ಅಂತ. ಅದು ನ್ಯಾಯವಾದ ಪ್ರಶ್ನೆ, ಸಿಟ್ಟಾಗ್ಬೇಡಿ, ವಿವರ ಹೇಳಿ. ಲೆಕ್ಚರರ್ ಆಗೋಕೆ ನ್ಯಾಷನಲ್ ಎಲಿಜಿಬಿಲಿಟಿ ಟೆಸ್ಟ್ ಅನ್ನೋ ಎನ್‌ಇಟಿ ಇದೆ, ಮೊದಲ ಪೇಪರ್ 50 ಪ್ರಶ್ನೆ 100 ಮಾರ್ಕ್ಸ್, ಸಬ್ಜೆಕ್ಟ್ ಪೇಪರ್ 100 ಪ್ರಶ್ನೆ 200 ಮಾರ್ಕ್ಸ್, ಒಟ್ಟು ಮೂರು ಗಂಟೆ. ಯುಪಿಎಸ್‌ಸಿ ಮೇನ್ಸಲ್ಲಿ ಫಿಲಾಸಫಿ ಆಪ್ಷನಲ್ ತಗೋಬಹುದು, 250 ಮಾರ್ಕ್ಸಿನ ಎರಡು ಪೇಪರ್, ಕನ್ನಡದಲ್ಲೇ ಬರೆಯೋಕೂ ಅವಕಾಶ ಇದೆ. ಪಿಎಚ್‌ಡಿ ಕಡೆ ಹೋಗೋರಿಗೆ ಐಸಿಪಿಆರ್ (ಇಂಡಿಯನ್ ಕೌನ್ಸಿಲ್ ಆಫ್ ಫಿಲಾಸಫಿಕಲ್ ರಿಸರ್ಚ್) ಫೆಲೋಶಿಪ್ ಕೊಡುತ್ತೆ. ಕಾಲೇಜುಗಳಲ್ಲಿ ಪೋಸ್ಟ್ ಕಮ್ಮಿ ಅನ್ನೋದನ್ನ ಮುಚ್ಚಿಡ್ಬೇಡಿ, ಅದಕ್ಕೇ ಎರಡನೇ ವರ್ಷದಿಂದ್ಲೇ ಒಂದು ಎಕ್ಸಾಮಿಗೆ ತಯಾರಿ ಜೊತೆಜೊತೆಗೆ ನಡೀಲಿ.

ಕ್ಲಾಸ್ ಶುರುವಾಗೋಕೆ ಇನ್ನೂ ಟೈಮ್ ಇದ್ರೆ ಆ ಬೆಟ್ಟ-ಬೆಂಕಿ ಐದು ಸಾಲು ಒಂದು ಹಾಳೇಲಿ ಬರೀರಿ, ಕೆಳಗೆ ನಿಮ್ದೇ ಒಂದು ಆಕ್ಷೇಪ ಬರೀರಿ, ಬೆಳಗಿನ ಜಾವ ಬೆಟ್ಟದ ಮೇಲೆ ಕಾಣೋದು ಹೊಗೆಯೋ ಮಂಜೋ ಅಂತ ಶುರು ಮಾಡಿದ್ರೂ ಸರಿ. ಆ ಹಾಳೆ ಜೋಪಾನ ಇಟ್ಕೊಂಡು ಮೊದಲನೇ ದಿನ ಮೇಷ್ಟ್ರಿಗೆ ತೋರ್ಸಿ.