ಹಿತ್ತಲ ಕೋಳಿಗೆ ಭದ್ರವಾದ ಗೂಡು: ಕೆಲಸ ನೆಲದಿಂದಲೇ ಶುರುವಾಗಲಿ

ಬೆಂಗಳೂರಿನಲ್ಲಿ ಮನೆಯ ಹಿಂದೆ ನಾಲ್ಕು ಕೋಳಿ ಸಾಕುವವರು ಮೊದಲು ಹೆದರುವುದು ಬೀದಿನಾಯಿಗೆ. ನಾಯಿ ಕಣ್ಣಿಗೆ ಬೀಳುತ್ತದೆ, ಗೇಟು ಹಾಕಿದರೆ ಅರ್ಧ ಭಯ ಕಳೆಯುತ್ತದೆ. ಸದ್ದಿಲ್ಲದೆ ಬರುವವೇ ಹೆಚ್ಚು. ಹಗಲಲ್ಲಿ ಮುಂಗುಸಿ, ಹದ್ದು; ಕತ್ತಲಾದ ಮೇಲೆ ಹೆಗ್ಗಣ, ಪುನುಗು ಬೆಕ್ಕು; ಹೊತ್ತುಗೊತ್ತಿಲ್ಲದೆ ಬೆಕ್ಕು; ಮೊಟ್ಟೆ, ಮರಿ ಇದ್ದಲ್ಲಿಗೆ ಹಾವು. ಹದ್ದೊಂದನ್ನು ಬಿಟ್ಟರೆ ಉಳಿದವುಗಳಲ್ಲಿ ಹೆಚ್ಚಿನವು ನುಸುಳುವುದು ನೆಲದ ಅಂಚಿನಿಂದ. ನಾವು ಮಾತ್ರ ಹಣವನ್ನೆಲ್ಲ ಗೋಡೆಗೂ ಚಾವಣಿಗೂ ಸುರಿಯುತ್ತೇವೆ.

ಅಳತೆಯ ಮಾತು ಬೇಗ ಮುಗಿಸೋಣ. ಐದು ಕೋಳಿಗಳಿಗೆ ರಾತ್ರಿ ಮಲಗಲು ನಾಲ್ಕು ಅಡಿ ಉದ್ದ, ಮೂರು ಅಡಿ ಅಗಲದ ಪೆಟ್ಟಿಗೆ, ಹಗಲು ಅಡ್ಡಾಡಲು ಐವತ್ತು ಚದರ ಅಡಿಯ ಜಾಲರಿ ಅಂಗಳ ಸಾಕು. ಪೆಟ್ಟಿಗೆಯನ್ನು ನೆಲದಿಂದ ಎರಡು ಅಡಿ ಎತ್ತರದಲ್ಲಿ ಕಬ್ಬಿಣದ ಕಾಲುಗಳ ಮೇಲೆ ನಿಲ್ಲಿಸಿ. ಮರದ ಕಾಲಾದರೆ ಗೆದ್ದಲು ಬಿಡುವುದಿಲ್ಲ.

ಈಗ ನೆಲ. ಅಂಗಳದ ಸುತ್ತ ಒಂದು ಅಡಿ ಆಳದ ಕಾಲುವೆ ತೋಡಿ. ಗೋಡೆಯ ಜಾಲರಿಯನ್ನು ಅದರೊಳಗೆ ಇಳಿಸಿ, ತಳದಲ್ಲಿ ಇನ್ನೊಂದು ಅಡಿಯಷ್ಟನ್ನು ಹೊರಮುಖವಾಗಿ ಮಡಿಸಿ, ಮಣ್ಣು ಮುಚ್ಚಿ ದಮ್ಮಸ್ಸು ಮಾಡಿ. ಹೊರಕ್ಕೆ ಮಡಿಸುವುದೇ ಮುಖ್ಯ. ತೋಡುವ ಪ್ರಾಣಿ ಗೋಡೆಯ ಬುಡಕ್ಕೇ ಬಂದು ಕೆರೆಯುತ್ತದೆ. ಕಾಲಿಗೆ ತಂತಿ ಸಿಕ್ಕಿದಾಗ ಎರಡು ಹೆಜ್ಜೆ ಹಿಂದೆ ಸರಿದು ಅಲ್ಲಿಂದ ತೋಡಬೇಕೆಂದು ಅದಕ್ಕೆ ಸಾಮಾನ್ಯವಾಗಿ ಹೊಳೆಯುವುದಿಲ್ಲ. ನಮ್ಮ ಎಷ್ಟೋ ನಿವೇಶನಗಳಲ್ಲಿ ಹಳೆಯ ಕಟ್ಟಡದ ಇಟ್ಟಿಗೆ ಚೂರುಗಳೇ ತುಂಬಿರುತ್ತವೆ, ಹಾರೆ ಇಳಿಯುವುದಿಲ್ಲ. ಅಂಥ ಕಡೆ ಜಾಲರಿಯನ್ನು ನೆಲದ ಮೇಲೆಯೇ ಎರಡು ಅಡಿ ಹೊರಕ್ಕೆ ಹಾಸಿ, ಚಪ್ಪಡಿ ಕಲ್ಲು ಹೇರಿ. ಒಂದು ಬದಿಗೆ ಕಾಂಪೌಂಡ್ ಗೋಡೆ ಇದೆಯೆಂದು ಆ ಕಡೆ ಜಾಲರಿ ಹಾಕದೆ ಬಿಡಬೇಡಿ. ಹೆಗ್ಗಣ ಬಿಲ ಕೊರೆಯುವುದು ಅದೇ ಗೋಡೆಯ ಬುಡದಲ್ಲಿ.

ಜಾಲರಿಯ ವಿಷಯದಲ್ಲಿ ಅಂಗಡಿಯವರ ಮಾತಿಗೆ ಮರುಳಾಗಬೇಡಿ. ಆರು ಮೂಲೆಯ ಕಣ್ಣುಗಳಿರುವ ಅಗ್ಗದ ತೆಳು ಕೋಳಿ ಜಾಲರಿ ಕೋಳಿ ಹೊರಹೋಗದಂತೆ ತಡೆಯುತ್ತದೆ, ಅಷ್ಟೇ. ನಾಯಿ ಅದನ್ನು ಹಲ್ಲಿನಲ್ಲಿ ಹರಿಯಬಲ್ಲದು. ಬೆಕ್ಕು ಅದರ ಕಣ್ಣಿನಲ್ಲಿ ಪಂಜ ತೂರಿಸಿ ಮಲಗಿದ ಕೋಳಿಯ ಕಾಲು ಹಿಡಿಯುತ್ತದೆ. ಅರ್ಧ ಇಂಚು ಕಣ್ಣಿನ, ಸತುವಿನ ಲೇಪವಿರುವ ವೆಲ್ಡ್ ಮೆಶ್ ಕೇಳಿ. ಎಸ್.ಜೆ.ಪಿ. ರಸ್ತೆಯ ಹಾರ್ಡ್‌ವೇರ್ ಅಂಗಡಿಗಳಲ್ಲಿ ವಿಚಾರಿಸಿ ನೋಡಿ. ದುಬಾರಿಯಾದರೂ ಇದರಲ್ಲಿ ಕೈ ಬಿಗಿ ಹಿಡಿಯಬಾರದು. ಚೌಕಟ್ಟಿಗೆ ಅದನ್ನು ಯು ಮೊಳೆಯಿಂದ ಹೊಡೆದರೆ ನಾಯಿ ಎಳೆದಾಗ ಕಿತ್ತು ಬರುತ್ತದೆ. ಅಗಲ ವಾಷರ್ ಹಾಕಿ ಸ್ಕ್ರೂ ಬಿಗಿಯಿರಿ. ಕತ್ತರಿಸಿ ಉದುರಿದ ತಂತಿ ಚೂರುಗಳನ್ನು ಅಯಸ್ಕಾಂತ ಆಡಿಸಿ ಒಂದೂ ಬಿಡದೆ ಹೆಕ್ಕಿ. ಹೊಳೆಯುವುದನ್ನೆಲ್ಲ ಕುಕ್ಕಿ ನುಂಗುವುದು ಕೋಳಿಯ ಸ್ವಭಾವ, ಒಂದು ಚೂರು ಒಳಗೆ ಹೋದರೂ ಹೊಟ್ಟೆ ಸೀಳಬಹುದು.

ಅಂಗಳದ ಮೇಲೂ ಜಾಲರಿ ಬೇಕು. ಮರಿಗಳಿದ್ದರಂತೂ ಹದ್ದಿನ ಜೊತೆಗೆ ಕಾಗೆಯೂ ಶತ್ರುವೇ. ಪೆಟ್ಟಿಗೆಗೆ ಶೀಟು ಹೊದಿಸಿದಾಗ ಒಂದು ಕಡೆ ಬಗ್ಗಿ ನೋಡಿ: ಶೀಟಿನ ಪ್ರತಿ ಅಲೆಯ ಅಡಿಯಲ್ಲೂ ಎರಡು ಬೆರಳು ತೂರುವಷ್ಟು ಸಂದು ಉಳಿದಿರುತ್ತದೆ. ಇಲಿಗೂ ಹಾವಿಗೂ ಅದೇ ಹೆಬ್ಬಾಗಿಲು. ಅಲ್ಲಿ ಸಿಮೆಂಟ್ ಮೆತ್ತಬೇಡಿ, ಗಾಳಿ ಆಡದಿದ್ದರೆ ಹಿಕ್ಕೆಯ ಘಾಟಿಗೆ ಕೋಳಿಗಳ ಉಸಿರು ಕೆಡುತ್ತದೆ. ಸಂದಿನುದ್ದಕ್ಕೂ ಅದೇ ಜಾಲರಿಯ ಪಟ್ಟಿ ಬಿಗಿಯಿರಿ.

ಒಳಗಿನ ಅಡ್ಡಕೋಲು ಗೋಡೆಯ ಜಾಲರಿಯಿಂದ ಒಂದು ಅಡಿ ದೂರವಿರಲಿ. ಬಾಗಿಲಿಗೆ ಮೇಲೊಂದು, ಕೆಳಗೊಂದು ಚಿಲಕ, ಮೇಲಿನದಕ್ಕೆ ಕೊಕ್ಕೆ. ಒಂದೇ ಚಿಲಕವಿದ್ದರೆ ಬಾಗಿಲಿನ ಇನ್ನೊಂದು ಮೂಲೆ ಬಾಗಿ, ಮುಂಗುಸಿಗೆ ಅಷ್ಟೇ ಸಾಕಾಗುತ್ತದೆ.

ಎಲ್ಲ ಮುಗಿದ ಮೇಲೆ ಒಂದು ಪರೀಕ್ಷೆ. ಕತ್ತಲಾದಾಗ ಪೆಟ್ಟಿಗೆಯೊಳಗೆ ಟಾರ್ಚ್ ಹಚ್ಚಿಟ್ಟು, ಬಾಗಿಲು ಹಾಕಿ ಸುತ್ತ ನಡೆಯಿರಿ. ಜಾಲರಿಯಿಲ್ಲದ ಕಡೆ ಬೆಳಕಿನ ಗೆರೆ ಕಂಡರೆ ಅಲ್ಲಿ ಸಂದು ಇದೆಯೆಂದೇ ಅರ್ಥ.

ತಳಿಯೂ ಲೆಕ್ಕಕ್ಕೆ ಬರುತ್ತದೆ. ನಮ್ಮ ಹೆಬ್ಬಾಳದಲ್ಲೇ ರೂಪುಗೊಂಡ ಗಿರಿರಾಜ ತೂಕದ ಕೋಳಿ. ಅಲ್ಲಿಯದೇ ಆದ ಸ್ವರ್ಣಧಾರ ಅದಕ್ಕಿಂತ ಹಗುರ, ಅಪಾಯ ಬಂದಾಗ ತಪ್ಪಿಸಿಕೊಳ್ಳುವುದರಲ್ಲಿ ಚುರುಕು.

ಉರುಲು, ವಿಷ ಖಂಡಿತ ಬೇಡ. ಮುಂಗುಸಿ, ಕೇರೆ ಹಾವು, ಹದ್ದು ಎಲ್ಲವೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿವೆ. ಕೇರೆ ಹಾವಂತೂ ಹಿತ್ತಲಿನ ಇಲಿಗಳನ್ನು ತಿಂದು ನಮಗೆ ಉಪಕಾರವನ್ನೇ ಮಾಡುತ್ತದೆ. ಗೂಡಿನೊಳಗೆ ಹಾವು ಕಂಡರೆ ಕೋಲು ಹಿಡಿಯದೆ ಹಾವು ಹಿಡಿಯುವ ಪರಿಣತರನ್ನು ಕರೆಯಿರಿ. ಸಂಜೆಯಾಗುತ್ತಲೇ ಉಳಿದ ಕಾಳು ತೆಗೆದು ಮುಚ್ಚಳದ ಡಬ್ಬಿಗೆ ಸುರಿಯಿರಿ. ಕಾಳಿಗೆ ಇಲಿ, ಇಲಿಗೆ ಹಾವು ಬರುತ್ತದೆ.

ಜೂನ್‌ನಿಂದ ಅಕ್ಟೋಬರ್‌ವರೆಗೆ ವಾರಕ್ಕೊಮ್ಮೆ ಗೂಡಿನ ಸುತ್ತ ಬಗ್ಗಿ ನೋಡಿ. ಮಳೆಗೆ ಮಣ್ಣು ಕುಸಿದು ಜಾಲರಿ ಹೊರಬಿದ್ದಿದ್ದರೆ, ಎಲ್ಲಾದರೂ ಹೊಸ ಮಣ್ಣಿನ ಗುಡ್ಡೆ ಎದ್ದಿದ್ದರೆ, ಅಂದೇ ಜಲ್ಲಿ ತುಂಬಿ, ಮೇಲೆ ಚಪ್ಪಡಿ ಎಳೆಯಿರಿ.