ಗ್ರ್ಯಾಂಡ್ ಕ್ಯಾನ್ಯನ್‌ಗೆ ಮೊದಲ ಸಲ ಹೋಗ್ತಿದ್ದೀರಾ? ಕೆಳಗೆ ಇಳಿಯೋ ಮುಂಚೆ ಓದಿ

ಟಿಕೆಟ್ ಬುಕ್ ಮಾಡುವ ಮೊದಲೇ ಒಂದು ಖಾತ್ರಿ ಮಾಡಿಕೊಳ್ಳಿ. ನೀವು ಹೋಗುತ್ತಿರುವುದು ಯಾವ ಕಡೆಗೆ? ಗಾಜಿನ ನೆಲದ ಸ್ಕೈವಾಕ್ ಇರುವುದು ಗ್ರ್ಯಾಂಡ್ ಕ್ಯಾನ್ಯನ್ ವೆಸ್ಟ್‌ನಲ್ಲಿ. ಅದು ಹುವಾಲಪೈ ಬುಡಕಟ್ಟಿನವರ ಜಾಗ, ಟಿಕೆಟ್ಟೇ ಬೇರೆ, ನ್ಯಾಷನಲ್ ಪಾರ್ಕ್ ಪಾಸ್ ಅಲ್ಲಿ ನಡೆಯುವುದಿಲ್ಲ. ನಡೆಯಬೇಕು, ನೋಡಬೇಕು ಎರಡೂ ಆಸೆ ಇದ್ದರೆ ಸೌತ್ ರಿಮ್‌ಗೆ, ಅಂದರೆ ನ್ಯಾಷನಲ್ ಪಾರ್ಕಿನಲ್ಲಿರುವ ಕಣಿವೆಯ ದಕ್ಷಿಣದ ಅಂಚಿಗೆ ಹೋಗಿ. ಇವೆರಡರ ನಡುವೆ ಕಾರಿನಲ್ಲಿ ನಾಲ್ಕು ಗಂಟೆಗೂ ಮೇಲಾಗುತ್ತದೆ. ಕಣಿವೆಯ ಆಚೆ ಬದಿಯ ನಾರ್ತ್ ರಿಮ್ (ಉತ್ತರದ ಅಂಚು) ಮೊದಲ ಸಲಕ್ಕೆ ಬೇಡ. ಚಳಿಗಾಲದಲ್ಲಿ ಅದರ ರಸ್ತೆ ಮುಚ್ಚುತ್ತದೆ, 2025ರ ಕಾಡ್ಗಿಚ್ಚಿನಲ್ಲಿ ಅಲ್ಲಿನ ಲಾಡ್ಜ್ ಕೂಡ ಸುಟ್ಟುಹೋಯಿತು. ಸೌತ್ ರಿಮ್‌ನಿಂದ ಎದುರಿಗೇ ಕಾಣುತ್ತದಲ್ಲ, ಹೋಗಿ ಬಂದುಬಿಡೋಣ ಅನ್ನಿಸಬಹುದು, ಆದರೆ ರಸ್ತೆಯಲ್ಲಿ ಸುತ್ತಿಕೊಂಡು ಹೋಗಲು ಸುಮಾರು 340 ಕಿ.ಮೀ.

ನ್ಯಾಷನಲ್ ಪಾರ್ಕಿನ ಪ್ರವೇಶ ಶುಲ್ಕ ಕಾರಿಗೆ 35 ಡಾಲರ್, 7 ದಿನ ನಡೆಯುತ್ತದೆ. 2026ರಿಂದ ಅಮೆರಿಕದ ನಿವಾಸಿಗಳಲ್ಲದವರಿಗೆ ಇದರ ಮೇಲೆ ತಲೆಗಿಷ್ಟು ಅಂತ ಹೆಚ್ಚುವರಿ ಶುಲ್ಕವಿದೆ. ಊರಿಂದ ಅಪ್ಪ ಅಮ್ಮ ಬಂದಿದ್ದರೆ ಪಾರ್ಕಿನ ವೆಬ್‌ಸೈಟಿನಲ್ಲಿ ಲೆಕ್ಕ ನೋಡಿಕೊಂಡೇ ಹೊರಡಿ.

ಈಗ ನಡಿಗೆಯ ವಿಷಯ. ಬೆಟ್ಟ ಹತ್ತಿ ಅಭ್ಯಾಸ ಇರುವವರೇ ಇಲ್ಲಿ ಜಾಸ್ತಿ ಮೋಸ ಹೋಗುವುದು. ಬೆಟ್ಟದಲ್ಲಿ ಮೊದಲು ಹತ್ತುತ್ತೀರಿ, ಸುಸ್ತಾದರೆ ಇಳಿದು ಬರುತ್ತೀರಿ. ಇಲ್ಲಿ ಉಲ್ಟಾ. ಬೆಳಗಿನ ತಂಪಿನಲ್ಲಿ ಕಾಲು ತಾನಾಗಿಯೇ ಇಳಿಯುತ್ತದೆ, ಒಂದೊಂದು ತಿರುವಿಗೂ ಹೊಸ ನೋಟ, ಇನ್ನೊಂದು ಸ್ವಲ್ಪ ಹೋಗೋಣ ಅನ್ನಿಸುತ್ತಲೇ ಇರುತ್ತದೆ, ಆಮೇಲೆ ತಿರುಗಿ ನೋಡಿದರೆ ಹೊರಟ ಜಾಗ ತಲೆಯ ಮೇಲೆಲ್ಲೋ ಇರುತ್ತದೆ. ಅಷ್ಟನ್ನೂ ಬಿಸಿಲಿನಲ್ಲಿ ಹತ್ತಬೇಕು, ಅದೂ ಸುಮಾರು 2,100 ಮೀಟರ್ ಎತ್ತರದ ತೆಳು ಗಾಳಿಗೆ. ಇಳಿದದ್ದಕ್ಕಿಂತ ಎರಡು ಪಟ್ಟು ಹೊತ್ತು ಹತ್ತಲು ಬೇಕು ಅಂತ ಇಟ್ಟುಕೊಳ್ಳಿ. ನಡೆಯಲು ಒಟ್ಟು ಆರು ಗಂಟೆ ಹೊತ್ತು ಇದೆ ಅಂದರೆ ಎರಡು ಗಂಟೆ ಇಳಿದ ಕೂಡಲೇ ವಾಪಸ್. ನೋಟ ಎಷ್ಟೇ ಚೆನ್ನಾಗಿರಲಿ, ಗಡಿಯಾರದ ಮಾತು ಕೇಳಿ.

ಮೊದಲ ಸಲಕ್ಕೆ ನನ್ನ ಆಯ್ಕೆ ಸೌತ್ ಕೈಬಾಬ್ ಹಾದಿಯಲ್ಲಿ ಸೀಡರ್ ರಿಜ್‌ವರೆಗೆ. ಒಂದು ಕಡೆಗೆ 2.4 ಕಿ.ಮೀ., ಇಳಿತ ಸುಮಾರು 340 ಮೀಟರ್. ಹಾದಿ ದಿಣ್ಣೆಯ ನೆತ್ತಿಯ ಮೇಲೇ ಸಾಗುವುದರಿಂದ ಎರಡೂ ಕಡೆ ಕಣಿವೆ ಕಾಣುತ್ತದೆ. ನೀರಂತೂ ಒಂದು ಹನಿಯೂ ಸಿಗುವುದಿಲ್ಲ, ನೆರಳೂ ಅಷ್ಟಕ್ಕಷ್ಟೆ. ಈ ಹಾದಿಯ ಶುರುವಿಗೆ ಸ್ವಂತ ಕಾರು ಬಿಡುವುದಿಲ್ಲ, ಉಚಿತ ಶಟಲ್ ಬಸ್ಸಿನಲ್ಲೇ ಹೋಗಬೇಕು. ಮಕ್ಕಳಿದ್ದರೆ ಬ್ರೈಟ್ ಏಂಜಲ್ ಹಾದಿ ವಾಸಿ. ಒಂದೂವರೆ ಮೈಲಿಗೆ ತಂಗುಮನೆ ಇದೆ, ಬೇಸಿಗೆ ಕಾಲದಲ್ಲಿ ಅಲ್ಲಿ ನಲ್ಲಿ ನೀರು ಬರುತ್ತದೆ. ಆದರೆ ಪೈಪ್ ಆಗಾಗ ಒಡೆಯುತ್ತಿರುತ್ತದೆ, ಹಾಗಾಗಿ ಇಳಿಯುವ ಮುಂಚೆ ಅವತ್ತಿನ ಬೋರ್ಡ್ ನೋಡಿ. ಒಂದೇ ದಿನದಲ್ಲಿ ಕಣಿವೆಯ ತಳದ ಕೊಲರಾಡೋ ನದಿ ಮುಟ್ಟಿ ಬರುವ ಹುಮ್ಮಸ್ಸು ಬೇಡ. ಪಾರ್ಕಿನ ರೇಂಜರ್‌ಗಳು ಬೇಡ ಅನ್ನುವುದು ಸುಮ್ನೆ ಅಲ್ಲ, ಬೇಸಿಗೆಯಲ್ಲಿ ತಳದಲ್ಲಿ 40 ಡಿಗ್ರಿ ದಾಟುತ್ತದೆ.

ಬೆಳಿಗ್ಗೆ 10ರಿಂದ ಸಂಜೆ 4ರವರೆಗೆ ಬಿಸಿಲಿನ ಹಾದಿಯಲ್ಲಿ ಇರಬೇಡಿ. ಬರೀ ನೀರು ಕುಡಿದರೂ ಸಾಲದು. ಒಣಗಾಳಿಗೆ ಬೆವರು ಕಾಣುವ ಮುಂಚೆಯೇ ಆರಿಹೋಗುತ್ತದೆ, ಟೋಪಿಯ ಅಂಚಿನಲ್ಲಿ ಬಿಳಿ ಉಪ್ಪಿನ ಗೆರೆ ಮಾತ್ರ ಉಳಿಯುತ್ತದೆ. ಆ ಉಪ್ಪು ಮೈಗೆ ವಾಪಸ್ ಬೇಕು. ಖಾರದ ಕಡಲೆಬೀಜ, ಚಿಪ್ಸ್, ಓಆರ್‌ಎಸ್ ಯಾವುದಾದರೂ ಆಗುತ್ತದೆ. ಹೇಸರಗತ್ತೆಗಳ ಸಾಲು ಬಂದರೆ ಅಂಚಿನ ಕಡೆ ನಿಲ್ಲಬೇಡಿ, ಗೋಡೆಯ ಕಡೆ ಸರಿದು ಸುಮ್ಮನೆ ನಿಂತು ಸವಾರ ಹೇಳಿದಂತೆ ಮಾಡಿ. ಅಳಿಲುಗಳಿಗೆ ತಿಂಡಿ ಕೊಡಬೇಡಿ, ಕಚ್ಚುತ್ತವೆ.

ನಡೆಯಲು ಆಗದವರಿಗೂ ಸಾಕಷ್ಟಿದೆ. ಮೇದರ್ ಪಾಯಿಂಟ್ ಅನ್ನೋ ನೋಟದ ಜಾಗದಲ್ಲಿ ಜನಜಾತ್ರೆ, ಒಂದು ಫೋಟೋ ತೆಗೆದು ಮುಂದೆ ಹೋಗಿ. ಯಾವಪೈ ಮ್ಯೂಸಿಯಂ ಹತ್ತಿರ 'ಟ್ರೇಲ್ ಆಫ್ ಟೈಮ್' ಅನ್ನೋ ಸಮತಟ್ಟಾದ ಹಾದಿ ಇದೆ. ಒಂದು ಮೀಟರ್ ನಡೆದರೆ 10 ಲಕ್ಷ ವರ್ಷ ಹಿಂದೆ ಹೋದ ಲೆಕ್ಕ. ಪಕ್ಕದಲ್ಲಿಟ್ಟ ಕಲ್ಲುಗಳನ್ನು ಮುಟ್ಟಿ ನೋಡಬಹುದು. ತಳದಲ್ಲಿರುವ ಕಪ್ಪು ಬಂಡೆಗೆ ವಿಷ್ಣು ಶಿಸ್ಟ್ ಅಂತಲೇ ಹೆಸರು, ವಯಸ್ಸು 170 ಕೋಟಿ ವರ್ಷಕ್ಕೂ ಜಾಸ್ತಿ. ಬ್ರಹ್ಮ, ವಿಷ್ಣು, ಶಿವ ಹೆಸರಿನ ಶಿಖರಗಳೂ ಇವೆ, ಅಮ್ಮನಿಗೆ ತೋರಿಸಿ. ಸೂರ್ಯಾಸ್ತಕ್ಕೆ ಹೋಪಿ ಪಾಯಿಂಟ್. ಮಾರ್ಚ್‌ನಿಂದ ನವೆಂಬರ್‌ವರೆಗೆ ಅಲ್ಲಿಗೂ ಶಟಲ್ಲೇ ಗತಿ, ಕತ್ತಲಾದ ಮೇಲೆ ವಾಪಸ್ ಬಸ್ಸಿಗೆ ಉದ್ದ ಸಾಲಿರುತ್ತದೆ, ಸ್ವೆಟರ್ ಇಟ್ಟುಕೊಳ್ಳಿ.

ಇನ್ನೊಂದು ಮಾತು, ಗಡಿಯಾರದ್ದೇ. ಗ್ರ್ಯಾಂಡ್ ಕ್ಯಾನ್ಯನ್ ಇರುವ ಅರಿಜೋನಾ ರಾಜ್ಯದಲ್ಲಿ ಬೇಸಿಗೆಗೆ ಗಡಿಯಾರ ಒಂದು ಗಂಟೆ ಮುಂದಿಡುವ ಪದ್ಧತಿ ಇಲ್ಲ, ಪಕ್ಕದ ನವಾಹೋ ನೇಷನ್ ಅನ್ನೋ ಬುಡಕಟ್ಟಿನವರ ಪ್ರದೇಶದಲ್ಲಿ ಇದೆ. ಪೇಜ್ ಅನ್ನೋ ಊರಿನ ಕಡೆಯಿಂದ ಬರುವವರ ಫೋನ್ ಒಂದು ಗಂಟೆ ಆಚೀಚೆ ತೋರಿಸುವುದುಂಟು. ಬೆಳಗಿನ ಮೊದಲ ಬಸ್ಸಿಗೆ ಅಲಾರಂ ಇಡುವಾಗ ಫೋನಿನಲ್ಲಿ ಅರಿಜೋನಾದ ಫೀನಿಕ್ಸ್ ಊರಿನ ಸಮಯ ಅಂತ ಕೈಯಾರೆ ಹಾಕಿಬಿಡಿ.