ಬಣ್ಣದ ಡಬ್ಬಿ ತರುವ ಮೊದಲು ಗೋಡೆ ಮುಟ್ಟಿ ನೋಡಿ

ದಸರಾ ಹತ್ತಿರ ಬಂತೆಂದರೆ ನಮ್ಮ ಧಾರವಾಡದಲ್ಲಿ ಮನೆಮನೆಗೂ ಸುಣ್ಣ-ಬಣ್ಣದ ಗಡಿಬಿಡಿ. ಕೇಳಿದವರಿಗೆಲ್ಲ ನಾನು ಹೇಳುವುದು ಒಂದೇ ಮಾತು, ಮೊದಲು ಗೋಡೆ ಮುಟ್ಟಿ ನೋಡಿ. ಜೂನ್‌ನಿಂದ ಮಳೆ ಕುಡಿದ ಗೋಡೆ ಅದು, ಅಲ್ವಾ? ಮೇಲೆ ಒಣಗಿದಂತೆ ಕಂಡರೂ ಒಳಗೆ ತೇವ ಇರುತ್ತದೆ. ಎರಡು ಅಂಗೈ ಅಗಲದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಕಡೆ ಟೇಪ್ ಹಾಕಿ ಗೋಡೆಗೆ ಅಂಟಿಸಿ, ಒಂದು ದಿನ ಬಿಡಿ. ಒಳಮೈಗೆ ಹನಿ ಕೂತಿದ್ದರೆ ಬಣ್ಣದ ಮಾತೇ ಬೇಡ. ಹಂಚು, ಪೈಪು, ಬಚ್ಚಲ ಗೋಡೆ, ಎಲ್ಲಿಂದ ನೀರು ಇಳಿಯುತ್ತಿದೆ ಹುಡುಕಿ ಸರಿ ಮಾಡಿಸಿ. ದಸರಾಕ್ಕೆ ಆಗದಿದ್ದರೆ ಸಂಕ್ರಾಂತಿ ಮುಗಿಸಿಕೊಂಡು ಹಚ್ಚಿಸಿ.

ನಮ್ಮ ಪಡಸಾಲೆಯದು ಮಣ್ಣಿನ ಗೋಡೆ. ಅತ್ತೆಯವರು ಇರುವವರೆಗೆ ಪ್ರತಿ ವರ್ಷ ಸುಣ್ಣವೇ. ಕಲ್ಲುಸುಣ್ಣಕ್ಕೆ ನೀರು ಹಾಕಿ ಅರಳಿಸುತ್ತಿದ್ದರು. ಅದು ಕೊತಕೊತ ಕುದಿಯುವಾಗ ಮಕ್ಕಳನ್ನು ಹತ್ತಿರ ಬಿಡುತ್ತಿರಲಿಲ್ಲ. ರಾತ್ರಿಯಿಡೀ ಬಿಟ್ಟು, ಹಳೇ ಧೋತರದಲ್ಲಿ ಸೋಸಿ, ಸ್ವಲ್ಪ ಅಂಟು, ಚೂರು ನೀಲಿ ಸೇರಿಸುತ್ತಿದ್ದರು. ಅವರು ಹೋದ ಮೇಲೆ, ಚೆಂದ ಕಾಣಲಿ ಎಂದು ಅದೇ ಗೋಡೆಗೆ ಆಯಿಲ್ ಪೇಂಟ್ ಹಚ್ಚಿಸಿದೆವು. ಮುಂದಿನ ಮಳೆಗಾಲಕ್ಕೆ ಬುಡದಿಂದ ಹಪ್ಪಳದ ಹಾಗೆ ಎದ್ದು ಬಂತು. ಮಣ್ಣಿನ ಗೋಡೆ ತೇವ ಎಳೆದುಕೊಳ್ಳುತ್ತದೆ, ಮತ್ತೆ ಹೊರಗೆ ಬಿಡುತ್ತದೆ. ಆಯಿಲ್ ಪೇಂಟ್ ಆ ದಾರಿಯನ್ನೇ ಮುಚ್ಚುತ್ತದೆ. ಎಲ್ಲ ಕೆರೆಸಿ ತೆಗೆದು ಮತ್ತೆ ಸುಣ್ಣಕ್ಕೇ ಬಂದೆವು. ಹಳೇ ಮಣ್ಣಿನ ಮನೆ ಇದ್ದವರು ದಯವಿಟ್ಟು ಸುಣ್ಣ ಬಿಡಬೇಡಿ.

ಗದಗ, ನವಲಗುಂದದ ಕಡೆಯವರಿಗೆ ಇನ್ನೊಂದು ಕಷ್ಟ. ಅಲ್ಲಿಯ ಎರೆ ಭೂಮಿ ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ, ಅದರ ಜೊತೆ ಗೋಡೆಯೂ ಸೀಳುತ್ತದೆ. ಬಿರುಕಿನ ತುದಿಗೆ ಪೆನ್ಸಿಲ್ ಗೆರೆ ಎಳೆದು ತಾರೀಖು ಬರೆದಿಡಿ. ಬಿರುಕು ಗೆರೆ ದಾಟಿ ಬೆಳೆದರೆ ಪೇಂಟರ್ ಬೇಡ, ಗೋಡೆ ಕಟ್ಟುವ ಗೌಂಡಿಯನ್ನು ಕರೆಯಿರಿ. ಸುಮ್ನೆ ಪುಟ್ಟಿ (ಗೋಡೆ ನುಣುಪು ಮಾಡುವ ಬಿಳಿ ಲೇಪ) ಮೆತ್ತಿದರೆ ಮರುವರ್ಷ ಮತ್ತೆ ಬಾಯಿ ಬಿಡುತ್ತದೆ.

ಸಿಮೆಂಟ್ ಗೋಡೆಯಲ್ಲಿ ಹಳೇ ಸುಣ್ಣ ಇದ್ದರೆ ಪೂರ್ತಿ ಕೆರೆಯಿರಿ. ಕೈ ಸವರಿದರೆ ಪುಡಿ ಹತ್ತಬಾರದು. ಪುಡಿಯ ಮೇಲೆ ಎಂಥ ದುಬಾರಿ ಬಣ್ಣವೂ ನಿಲ್ಲುವುದಿಲ್ಲ. ಪುಟ್ಟಿ ತೆಳುವಾಗಿ ಎರಡು ಸಲ. ಒಣಗಿದ ಮೇಲೆ ಪಾಲಿಶ್ ಪೇಪರಿನಿಂದ ಉಜ್ಜಿಸಿ. ಉಜ್ಜುವವರು ಮೂಗಿಗೆ ಬಟ್ಟೆ ಕಟ್ಟಿಕೊಳ್ಳಲೇಬೇಕು. ಧೂಳು ಒರೆಸಿ ಬಣ್ಣ ಹಿಡಿಯಲೆಂದು ಒಂದು ಕೋಟ್ ಪ್ರೈಮರ್, ಆಮೇಲೆ ಎರಡು ಕೋಟ್ ಇಮಲ್ಷನ್, ಅಂದರೆ ನೀರು ಬೆರೆಸಿ ಹಚ್ಚುವ ಬಣ್ಣ. ಮೊದಲು ಮೇಲಿನ ಸ್ಲ್ಯಾಬ್, ನಂತರ ಗೋಡೆ. ಕೋಟಿಗೂ ಕೋಟಿಗೂ ನಡುವೆ 4ರಿಂದ 6 ತಾಸು ಬಿಡಿ, ಮೋಡ ಇದ್ದರೆ ಇನ್ನೂ ಜಾಸ್ತಿ. ಬೇಗ ಮುಗಿಸಲು ನೀರು ಜಾಸ್ತಿ ಬೆರೆಸುವವರಿದ್ದಾರೆ, ಹಾಗಾಗಿ ಬಣ್ಣ ಕಲಸುವಾಗ ಹತ್ತಿರವೇ ನಿಲ್ಲಿ.

ಉಳಿದ ಬಣ್ಣವನ್ನು ಸಣ್ಣ ಡಬ್ಬಿಗೆ ಸುರಿದು ಗಟ್ಟಿಯಾಗಿ ಮುಚ್ಚಿಡಿ. ಶೇಡ್ ನಂಬರನ್ನು ಕಪಾಟಿನ ಬಾಗಿಲ ಒಳಗೆ ಬರೆದಿಡಿ. ಮುಂದೆ ಮೊಳೆ ಕಿತ್ತ ಜಾಗಕ್ಕೆ ಅದೇ ಬಣ್ಣ ಬೇಕಾಗುತ್ತದೆ.